ಜನರಲ್ ತಿಮ್ಮಯ್ಯ: ಜೋಜಿಲಾ ಗೆದ್ದವರನ್ನು ರಾಜೀನಾಮೆಗೆ ಮಾತ್ರ ನೆನೆಯುವುದೇಕೆ?

ಗಣಿತ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನಲ್ಲಿ ಭಾಷಣ ಸ್ಪರ್ಧೆ ನಡೆಯಿತು, ವಿಷಯ ಕರ್ನಾಟಕದ ಸೇನಾನಿಗಳು. ಜನರಲ್ ತಿಮ್ಮಯ್ಯನವರ ಬಗ್ಗೆ ಮಾತಾಡಿದ ಮಕ್ಕಳೆಲ್ಲ ಹೇಳಿದ್ದು ಒಂದೇ ಕಥೆ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜತೆ ಜಟಾಪಟಿ, 1959ರಲ್ಲಿ ರಾಜೀನಾಮೆ, ನೆಹರೂ ಮಾತಿಗೆ ಕಟ್ಟುಬಿದ್ದು ವಾಪಸ್, ಮೂರು ವರ್ಷಕ್ಕೆ ಚೀನಾ ಯುದ್ಧ. ಮುಗಿಯಿತು. ಕಾಶ್ಮೀರದ ಬೆಟ್ಟದ ದಾರಿ ಜೋಜಿಲಾದ ಹೆಸರು ಒಂದು ಮಗುವಿನ ಬಾಯಲ್ಲೂ ಬರಲಿಲ್ಲ. ಬರ್ಮಾ ಬರಲಿಲ್ಲ, ಕೊರಿಯಾ ಬರಲಿಲ್ಲ. ಒಬ್ಬ ಹುಡುಗ ಅವರನ್ನೇ ಮೊದಲ ಭಾರತೀಯ ಸೇನಾ ಮುಖ್ಯಸ್ಥ ಅಂದ, ತೀರ್ಪುಗಾರರೂ ತಲೆಯಾಡಿಸಿದರು.

ಮಕ್ಕಳನ್ನು ದೂರುವ ಹಾಗಿಲ್ಲ. ಅವರ ಮೊಬೈಲಿಗೆ ಬರುವ ಸಂದೇಶಗಳಲ್ಲಿ ಇರುವುದೇ ಇಷ್ಟು. ಆದರೆ 42ನೇ ವಯಸ್ಸಿಗೆ ಒಂದು ಡಿವಿಷನ್ ನಡೆಸಿ, ಹಿಮ ಬೀಳುವ ಹೊತ್ತಿನಲ್ಲಿ ಹನ್ನೊಂದೂವರೆ ಸಾವಿರ ಅಡಿ ಎತ್ತರಕ್ಕೆ ಟ್ಯಾಂಕ್ ಹತ್ತಿಸಿದ ಮನುಷ್ಯನನ್ನು ಒಂದು ಕಾಗದದ ಜಗಳಕ್ಕೆ ಇಳಿಸಿಬಿಟ್ಟಿದ್ದೇವೆ ಅನ್ನುವುದು ನನ್ನ ಸಂಕಟ.

ಎರಡು ಪ್ರಶ್ನೆ. ಅವರ ನಿಜವಾದ ಸಾಧನೆ ಯಾವುದು ಅಂತ ನಿಮಗನ್ನಿಸುತ್ತದೆ? ಮತ್ತು ಆ ರಾಜೀನಾಮೆ ಹಿಂದಕ್ಕೆ ಪಡೆದದ್ದು ಸರಿಯೇ, ತಪ್ಪೇ? ತಿಳಿದವರು ಹೇಳಿ, ಮಕ್ಕಳಿಗೆ ಮುಂದಿನ ಸಲ ಸರಿಯಾದ ಟಿಪ್ಪಣಿ ಕೊಡಬೇಕು.

ಮೂರ್ನಾಡಿನವ

ಮೇಷ್ಟ್ರೇ, ಮೊದಲು ಆ ತೀರ್ಪುಗಾರರಿಗೆ ಪಟ್ಟಿ ಕೊಡಿ. 1949ರ ಜನವರಿ 15ರಂದು ಅಧಿಕಾರ ವಹಿಸಿಕೊಂಡ ಮೊದಲ ಭಾರತೀಯ ಮಹಾದಂಡನಾಯಕ ಕಾರ್ಯಪ್ಪ. ಸೇನಾ ದಿನ ಅಂತ ಆಚರಿಸುವುದು ಅದನ್ನೇ. ಅವರ ನಂತರ ರಾಜೇಂದ್ರಸಿಂಹಜಿ, ಆಮೇಲೆ ಶ್ರೀನಾಗೇಶ್, ಆಮೇಲೆ 1957ರ ಮೇ ತಿಂಗಳಲ್ಲಿ ತಿಮ್ಮಯ್ಯ. 1961ರ ಮೇವರೆಗೆ ಇದ್ದರು. ಅವರಾದ ಮೇಲೆ ಥಾಪರ್.

ಕೊಡಗಿನಲ್ಲೇ ಎಷ್ಟೋ ಜನ ಇಬ್ಬರನ್ನೂ ಕಲಸುತ್ತಾರೆ. ಇಬ್ಬರದೂ ಕೊಡಂದೇರ ಒಕ್ಕ (ಮನೆತನ), ಇಬ್ಬರೂ ಸೇನೆಯ ತುದಿಗೇರಿದವರು, ಇಬ್ಬರ ಪ್ರತಿಮೆಯೂ ಮಡಿಕೇರಿಯಲ್ಲಿದೆ. ಹೊರಗಿನವರು ಗೊಂದಲ ಮಾಡಿಕೊಂಡರೆ ಆಶ್ಚರ್ಯವಿಲ್ಲ.

ಚರಿತ್ರೆ ಓದುಗ

ಮೊದಲ ಪ್ರಶ್ನೆಗೆ ನನ್ನ ಉತ್ತರ ಜೋಜಿಲಾ, ಎರಡು ಮಾತಿಲ್ಲ. ಆದರೆ ಅದು ಯಾಕೆ ದೊಡ್ಡದು ಅಂತ ಹೇಳದೆ ‘ಟ್ಯಾಂಕ್ ಹತ್ತಿಸಿದರು’ ಅಂದರೆ ಮಕ್ಕಳಿಗೆ ಅರ್ಥವಾಗುವುದಿಲ್ಲ.

ಪಾಕಿಸ್ತಾನದ ಜತೆ ಕಾಶ್ಮೀರದ ಯುದ್ಧ ನಡೆಯುತ್ತಿದ್ದ 1948ರ ಮೇ ತಿಂಗಳಲ್ಲಿ ತಿಮ್ಮಯ್ಯ ಕಾಶ್ಮೀರ ಕಣಿವೆಯ ಡಿವಿಷನ್ ವಹಿಸಿಕೊಂಡರು. ಆಗ ಲೇಹ್ ಬೀಳುವ ಸ್ಥಿತಿಯಲ್ಲಿತ್ತು. ಬೇಸಿಗೆಯಲ್ಲಿ ಕಾರ್ಗಿಲ್, ದ್ರಾಸ್ ಎರಡೂ ಕೈಬಿಟ್ಟು ಹೋದವು, ಆಗಸ್ಟ್ 14ಕ್ಕೆ ಸ್ಕರ್ದು ಬಿತ್ತು. ಅಲ್ಲಿ ಶೇರ್ ಜಂಗ್ ಥಾಪಾ ಎಂಬ ಅಧಿಕಾರಿ ಬೆರಳೆಣಿಕೆಯ ಜನರನ್ನಿಟ್ಟುಕೊಂಡು ಆರು ತಿಂಗಳು ಕೋಟೆ ಹಿಡಿದಿದ್ದರು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯ ಬಾಗಿಲೇ ಜೋಜಿಲಾ. ಆ ಬಾಗಿಲು ಶತ್ರುವಿನ ಕೈಯಲ್ಲಿತ್ತು.

ಸೆಪ್ಟೆಂಬರಿನಲ್ಲಿ 77ನೇ ಪ್ಯಾರಾ ಬ್ರಿಗೇಡ್ ದಾಳಿ ಮಾಡಿತು, ಆಗಲಿಲ್ಲ. ಎರಡೂ ಕಡೆಯ ಬಂಡೆಗಳಲ್ಲಿ ಮಷಿನ್ ಗನ್ ಹುದುಗಿಸಿಟ್ಟಿದ್ದರು, ಕೆಳಗಿಂದ ಹತ್ತುವ ಕಾಲಾಳುಗಳಿಗೆ ಮರೆಯೇ ಇಲ್ಲ. ಇನ್ನು ಕೆಲವೇ ವಾರ, ಹಿಮ ಬಿದ್ದು ಕಣಿವೆ ಮುಚ್ಚಿದರೆ ಲೇಹ್‌ನಲ್ಲಿದ್ದವರು ಚಳಿಗಾಲ ಪೂರ್ತಿ ಒಂಟಿ. ಆ ಬಂಡೆಗೂಡುಗಳನ್ನು ಹತ್ತಿರದಿಂದ, ನೇರವಾಗಿ ಹೊಡೆಯುವ ತೋಪು ಬೇಕಿತ್ತು. ಟ್ಯಾಂಕ್ ತರೋಣ ಅಂದದ್ದು ಅದಕ್ಕೆ.

7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು. ಮುಂದಾಳು ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್, ಎಲ್ಲರೂ ಕರೆಯುತ್ತಿದ್ದದ್ದು ‘ಸ್ಪ್ಯಾರೊ’ ಅಂತ. ಜಮ್ಮು ಕಡೆಯಿಂದ ಬಾನಿಹಾಲ್ ದಾಟಿ ಶ್ರೀನಗರಕ್ಕೆ ಬರುವಾಗ ದಾರಿಯ ಸೇತುವೆಗಳು ಅಷ್ಟು ಭಾರ ತಾಳುವಂತಿರಲಿಲ್ಲ. ಮೇಲಿನ ತೋಪಿನ ಗೋಪುರ ಕಳಚಿ ಬೇರೆ ಸಾಗಿಸಿದರು, ಉಳಿದ ಒಡಲಿಗೆ ಟಾರ್ಪಾಲ್ ಹೊದಿಸಿದರು, ಯಾರಿಗೂ ಸುಳಿವು ಸಿಗದ ಹಾಗೆ ಜೋಜಿಲಾದ ಬುಡದಲ್ಲಿರುವ ಬಾಲ್ತಾಲ್‌ವರೆಗೆ ತಂದರು. ನವೆಂಬರ್ 1ರಂದು ದಾಳಿ. ಹಿಮದ ನಡುವೆ ಟ್ಯಾಂಕ್ ಬರುವುದನ್ನು ಎದುರಿನವರು ಕನಸಿನಲ್ಲೂ ಎಣಿಸಿರಲಿಲ್ಲ. ತೋಪುಗಳು ಬಂಡೆಗೂಡುಗಳನ್ನು ಒಡೆದವು, ಹಿಂದೆಯೇ ಪಟಿಯಾಲಾ, ರಜಪೂತ್, ಗೂರ್ಖಾ ಪಟಾಲಂಗಳು ನುಗ್ಗಿದವು. ಅಷ್ಟು ಎತ್ತರದಲ್ಲಿ ಅದಕ್ಕೆ ಮುಂಚೆ ಯಾವ ದೇಶವೂ ಟ್ಯಾಂಕ್ ಯುದ್ಧ ಮಾಡಿರಲಿಲ್ಲ. ನವೆಂಬರ್ ಮಧ್ಯದಲ್ಲಿ ದ್ರಾಸ್, ತಿಂಗಳು ಮುಗಿಯುವ ಮೊದಲು ಕಾರ್ಗಿಲ್ ಕೈಗೆ ಬಂತು.

ಡಿವಿಷನ್ ಕಮಾಂಡರ್ ಆಗಿದ್ದ ತಿಮ್ಮಯ್ಯ ಅವತ್ತು ಹಿಂದೆ ಡೇರೆಯಲ್ಲಿ ಕೂರಲಿಲ್ಲ. ಮುಂದಿನ ಟ್ಯಾಂಕುಗಳ ಜತೆಯಲ್ಲೇ ಹೋದರು.

ಶಿರಸಿ ಅಡಿಕೆ

ನವೆಂಬರ್ 1! ನಮಗೆಲ್ಲ ರಾಜ್ಯೋತ್ಸವ ಒಂದೇ ಗೊತ್ತು. ಇನ್ನು ಮೇಲೆ ಆ ದಿನ ಶಾಲೆಯಲ್ಲಿ ಇದನ್ನೂ ಹೇಳಬಹುದಲ್ಲ.

ಕಡಲತಡಿ ಕುಡ್ಲ

ಅಲ್ಲ ಮಾರಾಯ್ರೆ, ಟ್ಯಾಂಕ್ ಬಾಲ್ತಾಲ್‌ವರೆಗೆ ಬಂತು ಸರಿ. ಅಲ್ಲಿಂದ ಮೇಲೆ ರಸ್ತೆ ಎಲ್ಲಿತ್ತು? ಹೇಸರಗತ್ತೆ ಹೋಗುವ ಜಾಡಿನಲ್ಲಿ ಟ್ಯಾಂಕ್ ಹೇಗೆ ಹತ್ತಿತು? ಇದನ್ನು ಯಾರೂ ಹೇಳುವುದಿಲ್ಲ.

ಸ್ಯಾಪರ್ ಹವಾಲ್ದಾರ್ (ನಿವೃತ್ತ)

ಕುಡ್ಲದವರು ಕೇಳಿದ್ದೇ ಸರಿಯಾದ ಪ್ರಶ್ನೆ. ರಸ್ತೆ ಇರಲಿಲ್ಲ. ಮಾಡಿದ್ದು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್, ನಮ್ಮವರು. ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲೇ ನಮ್ಮ ಕೇಂದ್ರ, ನಾನು ತರಬೇತಿ ಪಡೆದದ್ದೂ ಅಲ್ಲೇ. ಬಾಲ್ತಾಲ್‌ನಿಂದ ಕಣಿವೆಯ ಬಾಯಿಯವರೆಗೆ ಹೇಸರಗತ್ತೆ ಜಾಡನ್ನು ಅಗೆದು, ಬಂಡೆ ಸಿಡಿಸಿ, ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದರು. ಅದೂ ಶತ್ರುವಿನ ಗುಂಡು ಬೀಳುವ ಕಡೆ.

ನಾನು ಸೇವೆಯಲ್ಲಿದ್ದಾಗ ಕಾನ್ವಾಯ್ ಜತೆ ಜೋಜಿಲಾ ದಾಟಿದ್ದೇನೆ. ನಾವು ದಾಟಿದ್ದು ಒಳ್ಳೆಯ ಕಾಲದಲ್ಲಿ, ಯಾರೂ ಗುಂಡು ಹೊಡೆಯುತ್ತಿರಲಿಲ್ಲ. ಆದರೂ ಅಲ್ಲಿ ಸಲಿಕೆ ಹಿಡಿದು ಹತ್ತು ಸಲ ಮಣ್ಣೆತ್ತಿದರೆ ಎದೆ ಬಡಿದುಕೊಳ್ಳುತ್ತದೆ, ನಿಂತು ಉಸಿರು ಎಳೆಯಬೇಕು. ಮಧ್ಯಾಹ್ನ ಕರಗಿದ ಹಿಮದ ನೀರು ದಾರಿಯ ಮೇಲೆ ಹರಿದು ಸಂಜೆಗೆ ಗಾಜಾಗುತ್ತದೆ. ಟಯರಿಗೆ ಸರಪಳಿ ಕಟ್ಟಿದ ಗಾಡಿಯೂ ಪಕ್ಕಕ್ಕೆ ಜಾರುತ್ತದೆ, ಪಕ್ಕದಲ್ಲಿ ತಳ ಕಾಣದ ಕಮರಿ. ಅಲ್ಲಿ ನಿಂತು 1948ರ ಹುಡುಗರನ್ನು ನೆನೆದವರಿಗೆ ತಿಮ್ಮಯ್ಯ ಯಾಕೆ ದೊಡ್ಡವರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆಗುವುದಿಲ್ಲ ಅನ್ನಬಹುದಾಗಿದ್ದ ಕೆಲಸ ಅದು. ಸ್ಯಾಪರುಗಳನ್ನು ಕೇಳಿದರು, ಆಗುತ್ತದೆ ಅಂದರು, ನಂಬಿ ಒಪ್ಪಿಸಿದರು.

ಮೂರ್ನಾಡಿನವ

ಹವಾಲ್ದಾರ್ ಸಾಹೇಬ್ರೇ, ನಿಮ್ಮ ಮಾತಿಗೆ ಒಂದು ಸಲ್ಯೂಟ್.

ಬೆಳಗಾವಿ ಕ್ಯಾಂಪ್

ಎಲ್ಲ ಸರಿ, ಆದರೆ ಇಲ್ಲಿ ಒಂದು ಅನ್ಯಾಯ ಆಗುತ್ತಿದೆ. ಆ ವೇಳೆಗೆ ಇಡೀ ಪಶ್ಚಿಮ ಕಮಾಂಡ್ ಕಾರ್ಯಪ್ಪನವರ ಕೈಯಲ್ಲಿತ್ತು. ಅವರ ಒಪ್ಪಿಗೆ ಇಲ್ಲದೆ ಒಂದು ಟ್ಯಾಂಕೂ ಅಲುಗಾಡುತ್ತಿರಲಿಲ್ಲ. ದಾಳಿಯ ಬ್ರಿಗೇಡ್ ನಡೆಸಿದ್ದು ಅಟಲ್, ಟ್ಯಾಂಕ್ ನಡೆಸಿದ್ದು ಸ್ಪ್ಯಾರೊ. ನೀವೆಲ್ಲ ಪೂರ್ತಿ ಹೆಸರನ್ನು ತಿಮ್ಮಯ್ಯನವರಿಗೇ ಬರೆದುಕೊಟ್ಟಿದ್ದೀರಿ.

ಚರಿತ್ರೆ ಓದುಗ

ಕ್ಯಾಂಪಿನವರೇ, ಕಾರ್ಯಪ್ಪನವರ ಪಾಲನ್ನು ಯಾರೂ ಅಲ್ಲಗಳೆದಿಲ್ಲ. ಒಂದೇ ಒಕ್ಕದ ಇಬ್ಬರು, ಒಬ್ಬರು ಕಮಾಂಡ್ ನೋಡಿಕೊಂಡರು, ಇನ್ನೊಬ್ಬರು ಕಣಿವೆಯಲ್ಲಿ ಹೋರಾಡಿದರು. ಆದರೆ ಯುದ್ಧದಲ್ಲಿ ಸೋತಿದ್ದರೆ ಹೊಣೆ ಯಾರ ತಲೆಗೆ ಬರುತ್ತಿತ್ತು ಅಂತ ಯೋಚಿಸಿ. ಮೊದಲ ದಾಳಿ ವಿಫಲವಾದಾಗ ಉತ್ತರ ಹೇಳಬೇಕಾದವರು ಡಿವಿಷನ್ ಕಮಾಂಡರ್. ಗೆದ್ದ ಮೇಲೂ ಅವರದೇ ಅನ್ನಬೇಕಾಗುತ್ತದೆ.

ವಿರಾಜಪೇಟೆ ಅಕ್ಕ

ಜೋಜಿಲಾ ಹೇಳುವವರು ಲೇಹ್ ಹಾರಾಟ ಮರೆಯಬೇಡಿ. 1948ರ ಮೇ 24. ವಾಯುಪಡೆಯ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಮೊದಲ ಬಾರಿಗೆ ಲೇಹ್‌ನಲ್ಲಿ ಇಳಿಸಿದರು. ಆ ಎತ್ತರಕ್ಕೆ ಅಂತ ಮಾಡಿದ ವಿಮಾನವೇ ಅಲ್ಲ ಅದು. ದಾರಿಯ ನಕ್ಷೆಯೂ ಸರಿಯಾಗಿರಲಿಲ್ಲ. ಲೇಹ್‌ನಲ್ಲಿ ಸೋನಂ ನೋರ್ಬು ಎಂಬ ಲಡಾಖಿ ಎಂಜಿನಿಯರ್ ಸ್ಥಳೀಯರನ್ನು ಸೇರಿಸಿ ಮರಳು ನೆಲವನ್ನೇ ಸಮತಟ್ಟು ಮಾಡಿ ವಿಮಾನ ಇಳಿಯುವ ಪಟ್ಟಿ ಮಾಡಿದ್ದರು. ಆ ಮೊದಲ ಹಾರಾಟದಲ್ಲಿ ಮೆಹರ್ ಸಿಂಗ್ ಪಕ್ಕ ಕೂತಿದ್ದವರು ತಿಮ್ಮಯ್ಯ.

ಹೆಂಡತಿ, ಚಿಕ್ಕ ಮಗಳು ಇರುವ ಮನುಷ್ಯ. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ‘ನನ್ನ ಹುಡುಗರನ್ನು ಇದರಲ್ಲಿ ಕಳಿಸುತ್ತೇನೆ, ಮೊದಲು ನಾನು ಹೋಗಿ ನೋಡಬೇಡವೇ’ ಎಂಬಂಥ ನಡೆ ಅದು. ಆಮೇಲೆ ಗೂರ್ಖಾಗಳು ಅದೇ ದಾರಿಯಲ್ಲಿ ಹಾರಿ ಬಂದು ಲೇಹ್ ಉಳಿಯಿತು.

ಕಡಲತಡಿ ಕುಡ್ಲ

ಅಕ್ಕ, ಇದು ನನಗೆ ಹೊಸತು. ಇದನ್ನೇ ಮೊದಲು ಹೇಳಬೇಕಿತ್ತು!

ಹುಬ್ಬಳ್ಳಿ ದುರ್ಗದಬೈಲ್

ಎಲ್ಲಾರೂ ಜೋಜಿಲಾ ಜೋಜಿಲಾ ಅಂತೀರಿ. ಮೇಷ್ಟ್ರು ಕೇಳಿದ ಎರಡನೇ ಪ್ರಶ್ನೆಗೆ ಯಾರೂ ಬಾಯಿ ಬಿಡವಲ್ಲರಿ. ನಾ ಹೇಳ್ತೀನಿ ತಗೋರಿ. ರಾಜೀನಾಮೆ ವಾಪಸ್ ತಗೊಂಡದ್ದು ತಪ್ಪು, ದೊಡ್ಡ ತಪ್ಪು.

1959ರ ಆಗಸ್ಟ್ 31ಕ್ಕ ಕಾಗದ ಕೊಟ್ರು. ನೆಹರೂ ಕರೆಸಿ ಮಾತಾಡಿದ್ರು, ಅದ ದಿನ ವಾಪಸ್ ಆತು. ಮರುದಿನ ಪೇಪರಿನ್ಯಾಗ ಸುದ್ದಿ ಬಂತು. ಸಪ್ಟೆಂಬರ್ 2ಕ್ಕ ನೆಹರೂ ಪಾರ್ಲಿಮೆಂಟಿನ್ಯಾಗ ಎದ್ದು ನಿಂತು, ಕಾರಣಗಳು ಕ್ಷುಲ್ಲಕ ಅನ್ನೂ ಅರ್ಥದಾಗ ಮಾತಾಡಿದ್ರು. ಕಾಗದ ವಾಪಸ್ ತಗೊಳ್ಳೂಮುಂದ ಬೇಕಾದ ಮನುಷ್ಯಾ, ಎರಡ ದಿನಕ್ಕ ಹಗುರ ಆಗಿಬಿಟ್ಟ. ಅಲ್ಲಿಂದ ಮುಂದ ಮೆನನ್ನಂಗ ಹಿಡಿಯೋರು ಯಾರದಾರ? ಮೆನನ್‌ಗ ಬೇಕಾದ ಜನರಲ್ ಕೌಲ್ ಅಂಥವರು ಮ್ಯಾಲ ಬಂದ್ರು. ಗಟ್ಟಿಯಾಗಿ ನಿಂತಿದ್ರ ದೇಶ ಎಚ್ಚರಾಗ್ತಿತ್ತು, 1962 ಹಂಗ ಆಗ್ತಿರಲಿಲ್ಲ.

ಗಣಿತ ಮೇಷ್ಟ್ರು

ಹುಬ್ಬಳ್ಳಿಯವರೇ, ಅಂತೂ ಉತ್ತರ ಕೊಟ್ಟಿರಿ, ಧನ್ಯವಾದ. ‘1962 ಹಾಗೆ ಆಗುತ್ತಿರಲಿಲ್ಲ’ ಅನ್ನುವುದನ್ನು ಮಾತ್ರ ಒಪ್ಪಲಾರೆ. ಬೂಟಿಲ್ಲ, ಬಂದೂಕು ಹಳೆಯದು, ಗಡಿಗೆ ರಸ್ತೆಯಿಲ್ಲ. ಒಬ್ಬ ದಂಡನಾಯಕ ಮನೆಗೆ ಹೋದರೆ ಅದೆಲ್ಲ ಹೇಗೆ ಸರಿಹೋಗುತ್ತಿತ್ತು?

ಸ್ಯಾಪರ್ ಹವಾಲ್ದಾರ್ (ನಿವೃತ್ತ)

ನಾನು ಸೈನಿಕನ ಕಡೆಯಿಂದ ಹೇಳುತ್ತೇನೆ. ವಾಪಸ್ ತೆಗೆದುಕೊಂಡದ್ದು ಸರಿ. ತಾರೀಖು ನೋಡಿ. ಆಗಸ್ಟ್ 25ಕ್ಕೆ ಈಶಾನ್ಯ ಗಡಿಯ ಲೊಂಗ್ಜುವಿನಲ್ಲಿ ಚೀನೀಯರು ನಮ್ಮ ಚೌಕಿಯ ಮೇಲೆ ಗುಂಡು ಹಾರಿಸಿದ್ದರು. ಅದಾಗಿ ಒಂದು ವಾರವೂ ಆಗಿರಲಿಲ್ಲ. ಗಡಿಯಲ್ಲಿ ಗುಂಡು ಹಾರುತ್ತಿರುವಾಗ ಸೇನಾ ಮುಖ್ಯಸ್ಥ ಮಂತ್ರಿಯ ಮೇಲಿನ ಸಿಟ್ಟಿಗೆ ಬಿಟ್ಟು ಹೋದ ಅಂತ ಜವಾನರು ಕೇಳಿದರೆ? ಪಕ್ಕದ ಪಾಕಿಸ್ತಾನದಲ್ಲಿ ಹಿಂದಿನ ವರ್ಷವಷ್ಟೇ ಸೇನಾ ಮುಖ್ಯಸ್ಥ ಅಯೂಬ್ ಖಾನ್ ಅಧಿಕಾರ ಹಿಡಿದಿದ್ದರು. ನಮ್ಮಲ್ಲಿ ಪ್ರಧಾನಿ ಹೇಳಿದರು, ಜನರಲ್ ಕೇಳಿದರು. ಸೇನೆ ಸರ್ಕಾರದ ಮಾತು ಕೇಳುತ್ತದೆ ಅನ್ನುವುದು ಈ ದೇಶದಲ್ಲಿ ಗಟ್ಟಿಯಾದದ್ದು ಇಂಥವರು ಅವಮಾನ ನುಂಗಿದ್ದರಿಂದ.

ಹುಬ್ಬಳ್ಳಿ ದುರ್ಗದಬೈಲ್

ಅವಮಾನ ನುಂಗೋದು ಬ್ಯಾರೆ ರೀ ಹವಾಲ್ದಾರ್ರ, ಸುಮ್ಮನಿರೋದು ಬ್ಯಾರೆ. ಮಂತ್ರಿ ತಪ್ಪು ಮಾಡಾಕತ್ತಾನ ಅಂತ ಗೊತ್ತಿದ್ದಾವ ಜನಕ್ಕ ಹೇಳಬೇಕಿತ್ತು.

ಚರಿತ್ರೆ ಓದುಗ

ಸುಮ್ಮನಿದ್ದರು ಅನ್ನುವುದನ್ನು ಒಪ್ಪುವುದಿಲ್ಲ. ಪೂರ್ವ ಕಮಾಂಡಿನಲ್ಲಿದ್ದ ಥೋರಾಟ್ 1959ರ ಅಕ್ಟೋಬರಿನಲ್ಲಿ ಒಂದು ವರದಿ ಕೊಟ್ಟರು. ಈಶಾನ್ಯ ಗಡಿ ಕಾಯಲು ಈಗಿರುವ ಬಲ ಸಾಲದು, ಚೀನಾ ಬಂದರೆ ಎಲ್ಲಿ ತಡೆಯಬಹುದು, ಎಷ್ಟು ಬೇಕು ಅಂತ ಲೆಕ್ಕ ಹಾಕಿ ಬರೆದದ್ದು. ತಿಮ್ಮಯ್ಯ ಅದನ್ನು ಒಪ್ಪಿ ಮೆನನ್‌ಗೆ ತಲುಪಿಸಿದರು. 1960ರ ಮಾರ್ಚಿನಲ್ಲಿ ‘ಲಾಲ್ ಕಿಲಾ’ ಹೆಸರಿನ ಸಮರಾಭ್ಯಾಸ ಮಾಡಿ ಥೋರಾಟ್ ಅದನ್ನೇ ತೋರಿಸಿದರು. ನಿವೃತ್ತಿಯ ಹೊತ್ತಿಗೆ ತಮ್ಮ ಜಾಗಕ್ಕೆ ಥೋರಾಟ್ ಬರಲಿ ಅಂತ ಶಿಫಾರಸು ಮಾಡಿದರು. ಸರ್ಕಾರ ಥಾಪರ್ ಅವರನ್ನು ಆರಿಸಿತು. ವರದಿ ಕಪಾಟು ಸೇರಿತು.

ರಾಜೀನಾಮೆ ಕೊಟ್ಟು ಹೋಗಿದ್ದರೆ ಈ ಕಾಗದಗಳೂ ಇರುತ್ತಿರಲಿಲ್ಲ. ಉಳಿದ ಇಪ್ಪತ್ತು ತಿಂಗಳಲ್ಲಿ ತಮ್ಮ ಕೆಲಸ ಮಾಡಿದರು, ಕೇಳುವವರು ಇರಲಿಲ್ಲ.

ಬೆಳಗಾವಿ ಕ್ಯಾಂಪ್

ಥೋರಾಟ್ ನಮ್ಮ ಪಕ್ಕದ ಕೊಲ್ಹಾಪುರ ಸೀಮೆಯವರು. ಅವರೂ ತಿಮ್ಮಯ್ಯನವರೂ ಬರ್ಮಾದಿಂದಲೇ ಜತೆಗಾರರು ಅನ್ನುವುದನ್ನು ಸೇರಿಸಿ. 1945ರ ಜನವರಿಯಲ್ಲಿ ಅರಕಾನಿನ ಕಂಗಾವ್ ಕಾಳಗ. ಒಂದೇ ಬ್ರಿಗೇಡಿನ ಮೂರು ಪಟಾಲಂಗಳಿಗೂ ಭಾರತೀಯರೇ ಮುಖ್ಯಸ್ಥರು: ತಿಮ್ಮಯ್ಯ, ಥೋರಾಟ್, ಎಲ್.ಪಿ. ಸೇನ್. ಭಾರತೀಯ ಅಧಿಕಾರಿಗಳ ಕೈಗೆ ಪಟಾಲಂ ಕೊಡಬಹುದೇ ಅಂತ ಬ್ರಿಟಿಷರಿಗೆ ಅನುಮಾನ ಇದ್ದ ಕಾಲ. ಮೂವರಿಗೂ ರಣರಂಗದ ನಾಯಕತ್ವಕ್ಕೆ ಬ್ರಿಟಿಷರು ಕೊಡುತ್ತಿದ್ದ ಡಿಎಸ್‌ಒ ಪದಕ ಬಂತು. ಆಮೇಲೆ ತಿಮ್ಮಯ್ಯನವರಿಗೆ 36ನೇ ಬ್ರಿಗೇಡ್ ಸಿಕ್ಕಿತು. ಆ ಮಹಾಯುದ್ಧದಲ್ಲಿ ರಣರಂಗದ ಕಾಲಾಳು ಬ್ರಿಗೇಡ್ ನಡೆಸಿದ ಭಾರತೀಯ ಅವರೊಬ್ಬರೇ.

ನನ್ನನ್ನು ಕೇಳಿದರೆ ಮಕ್ಕಳಿಗೆ ಮೊದಲು ಹೇಳಬೇಕಾದದ್ದು ಇದು. ಅನುಮಾನಪಟ್ಟವರ ಬಾಯಿ ಮುಚ್ಚಿಸಿದ್ದು ಇಲ್ಲಿ.

ಕಾಲೇಜು ಹುಡುಗಿ

ಒಂದು ಸಂದೇಹ. ಬರ್ಮಾದಲ್ಲಿ ಅವರು ಬ್ರಿಟಿಷರ ಪರ ಹೋರಾಡುವಾಗ ನೇತಾಜಿಯ ಆಜಾದ್ ಹಿಂದ್ ಫೌಜ್ ಅದೇ ಕಡೆ ಇತ್ತಲ್ಲ? ಅಂದರೆ ನಮ್ಮವರ ವಿರುದ್ಧವೇ ಹೋರಾಡಿದ ಹಾಗೆ ಆಗಲಿಲ್ಲವೇ? ಕೇಳುವುದು ತಪ್ಪಾಗಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ವಿರಾಜಪೇಟೆ ಅಕ್ಕ

ಕೇಳುವುದರಲ್ಲಿ ತಪ್ಪೇನೂ ಇಲ್ಲ ಮಗಾ. ಅವರ ಮನೆಯೊಳಗೇ ಆ ಪ್ರಶ್ನೆ ಇತ್ತು. ಅಣ್ಣ ಪೊನ್ನಪ್ಪ ಸಿಂಗಪುರದಲ್ಲಿ ಜಪಾನೀಯರ ಸೆರೆ ಸಿಕ್ಕಿ ಆಜಾದ್ ಹಿಂದ್ ಫೌಜ್ ಸೇರಿದರು. ತಮ್ಮ ಇಲ್ಲಿ ಬ್ರಿಟಿಷ್ ಭಾರತದ ಸೇನೆಯಲ್ಲಿ. ಕೊನೆಯ ತಮ್ಮ ಸೋಮಯ್ಯ ಸೇನೆಯ ಎಂಜಿನಿಯರ್ ದಳದಲ್ಲಿದ್ದರು, ಕಾಶ್ಮೀರದ ಯುದ್ಧದಲ್ಲೇ ನೆಲಬಾಂಬ್ ಸಿಡಿದು ತೀರಿಕೊಂಡರು. ಒಂದೇ ತಾಯಿಯ ಮೂರು ಗಂಡುಮಕ್ಕಳು, ಮೂರು ದಾರಿ. ಅವರಲ್ಲಿ ದೇಶ ಬೇಡ ಅಂದವರು ಯಾರೂ ಇಲ್ಲ.

ತಿಮ್ಮಯ್ಯ ತರುಣ ಅಧಿಕಾರಿಯಾಗಿದ್ದಾಗ ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ ಅವರನ್ನು ಕಂಡು, ಸೇನೆ ಬಿಟ್ಟು ಚಳವಳಿಗೆ ಬರಲೇ ಅಂತ ಕೇಳಿದರಂತೆ. ಬಿಡಬೇಡ, ನಾಳೆ ಸ್ವತಂತ್ರ ದೇಶಕ್ಕೆ ಕಲಿತ ಅಧಿಕಾರಿಗಳು ಬೇಕು ಅಂದರಂತೆ ಮೋತಿಲಾಲರು. ನಮ್ಮ ಕಡೆ ಹಿರಿಯರು ಈಗಲೂ ಹೇಳುವ ಮಾತು ಇದು.

ಮೂರ್ನಾಡಿನವ

ತಾಯಿಯ ಮಾತು ಬಂತು ಅಂತ ಹೇಳುತ್ತೇನೆ, ಸಮಾಜಸೇವೆಗೆ ಸೀತಮ್ಮನವರಿಗೆ ಕೈಸರ್-ಇ-ಹಿಂದ್ ಪದಕ ಬಂದಿತ್ತು. ಹೆಂಡತಿ ನೀನಾ ಅವರಿಗೂ ಅದೇ ಪದಕ. 1935ರ ಮೇ 31ರ ಕ್ವೆಟ್ಟಾ ಭೂಕಂಪದ ಹೊತ್ತಿಗೆ ಮದುವೆಯಾಗಿ ಇನ್ನೂ ಕೆಲವೇ ತಿಂಗಳು. ಗಂಡ ಹೆಂಡತಿ ಇಬ್ಬರೂ ಪರಿಹಾರದ ಕೆಲಸಕ್ಕೆ ಇಳಿದರು. ಅತ್ತೆ ಸೊಸೆ ಇಬ್ಬರಿಗೂ ಒಂದೇ ಗೌರವ ಬಂದ ಮನೆ.

ಟೊರಾಂಟೊದಿಂದ ಒಬ್ಬ

ಕರ್ನಾಟಕದ ಸೇನಾನಿ ಅಂತ ಬರೆದಿದ್ದೀರಿ. 1948ರಲ್ಲಿ ಕೊಡಗು ಬೇರೆಯೇ ಪ್ರಾಂತ್ಯ ಆಗಿತ್ತಲ್ಲವೇ?

ಮೂರ್ನಾಡಿನವ

ಹೌದು, ಕೂರ್ಗ್ ಪ್ರತ್ಯೇಕ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಅವರು ದಂಡನಾಯಕ ಆಗುವ ಹೊತ್ತಿಗೆ ಸೇರಿ ಆಗಿತ್ತು. ಅವರು ಕೊಡವರು, ಓದಿದ್ದು ಕೂನೂರು, ಬೆಂಗಳೂರಿನ ಬಿಷಪ್ ಕಾಟನ್, ಡೆಹ್ರಾಡೂನ್, ಸ್ಯಾಂಡ್‌ಹರ್ಸ್ಟ್. ಬೆಂಗಳೂರಿಗೂ ಅವರ ಮೇಲೆ ಹಕ್ಕಿದೆ, ರಿಚ್ಮಂಡ್ ರಸ್ತೆಗೆ ಅವರ ಹೆಸರಿಟ್ಟಿದ್ದಾರೆ. ಈ ವಾದ ಬೇರೆ ಎಳೆಯಲ್ಲಿ ಮಾಡೋಣ, ಇಲ್ಲಿ ಶುರುವಾದರೆ ಮುಗಿಯುವುದಿಲ್ಲ.

ಓದುವ ಅಜ್ಜ

ಮಕ್ಕಳೇ, ಎಲ್ಲರೂ ಯುದ್ಧದ ಬಗ್ಗೆಯೇ ಬರೆದಿದ್ದೀರಿ. ನನಗೆ ಅವರ ಜೀವನದಲ್ಲಿ ಅತಿ ಕಷ್ಟದ ಕೆಲಸ ಅನ್ನಿಸುವುದು ಕೊರಿಯಾ. ಅಲ್ಲಿ ಒಂದು ಗುಂಡೂ ಅವರಿಗೆ ನೆರವಾಗುವಂತಿರಲಿಲ್ಲ.

1953ರಲ್ಲಿ ಕದನವಿರಾಮ ಆಯಿತು. ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳು ಸುಮಾರು 22,600 ಮಂದಿ, ಚೀನೀಯರು ಮತ್ತು ಉತ್ತರ ಕೊರಿಯನ್ನರು. ಇನ್ನೊಂದು ಕಡೆ 359 ಮಂದಿ, ಅವರಲ್ಲಿ 23 ಅಮೆರಿಕನ್ನರು. ಇವರನ್ನೆಲ್ಲ ನೋಡಿಕೊಳ್ಳಲು ಐದು ದೇಶಗಳ ತಟಸ್ಥ ಆಯೋಗ. ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಒಂದು ಕಡೆ ಎಳೆದರೆ ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಇನ್ನೊಂದು ಕಡೆ. ನಡುವೆ ಅಧ್ಯಕ್ಷರಾಗಿ ತಿಮ್ಮಯ್ಯ. ಎರಡೆರಡು ಮತ ಸಮ ಆದಾಗ ತೂಕ ಇವರ ಕೈಯಲ್ಲಿ, ಯಾವ ಕಡೆ ಹಾಕಿದರೂ ಅರ್ಧ ಜಗತ್ತಿನ ಬೈಗುಳ.

ದಕ್ಷಿಣ ಕೊರಿಯಾದ ಸಿಂಗ್‌ಮನ್ ರೀ ಭಾರತದ ಸೈನಿಕರು ನನ್ನ ನೆಲಕ್ಕೆ ಕಾಲಿಡಕೂಡದು ಅಂದುಬಿಟ್ಟರು. ಹಾಗಾಗಿ ನಮ್ಮ ಸೈನಿಕರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ನೇರ ಸೇನಾಮುಕ್ತ ವಲಯಕ್ಕೆ ಇಳಿಸಬೇಕಾಯಿತು. ಅಲ್ಲಿ ಡೇರೆ ಹಾಕಿಕೊಂಡ ಜಾಗಕ್ಕೆ ಹಿಂದ್ ನಗರ ಅಂತ ಹೆಸರಿಟ್ಟರು. ಕಾವಲು ಪಡೆಯ ಮುಖ್ಯಸ್ಥರು ಇದೇ ಥೋರಾಟ್. ಒಮ್ಮೆ ಕೈದಿಗಳು ನಮ್ಮ ಮೇಜರ್ ಒಬ್ಬರನ್ನು ಬೇಲಿಯೊಳಗೆ ಎಳೆದುಕೊಂಡು ಹಿಡಿದಿಟ್ಟರು. ಹೊರಗೆ ನಮ್ಮವರ ಬಂದೂಕು ಸಿದ್ಧವಾಗಿತ್ತು. ಥೋರಾಟ್ ತಾವೇ ಆ ಗುಂಪಿನ ನಡುವೆ ಹೋಗಿ, ಮಾತಾಡಿ, ಮೇಜರನ್ನು ಬಿಡಿಸಿಕೊಂಡು ಬಂದರು. ಗುಂಡು ಹಾರಿದ್ದರೆ ಅವತ್ತು ನೂರಾರು ಹೆಣ ಬೀಳುತ್ತಿತ್ತು.

ಕೈದಿಗಳಿಗೆ ತಿಳಿಹೇಳಲು ಕೊಟ್ಟ 90 ದಿನ ಡಿಸೆಂಬರ್ 23ಕ್ಕೆ ಮುಗಿಯಿತು. ಮುಂದೇನು ಅಂತ ತೀರ್ಮಾನಿಸಬೇಕಿದ್ದ ರಾಜಕೀಯ ಸಮ್ಮೇಳನ ನಡೆಯಲೇ ಇಲ್ಲ. ಕೈದಿಗಳನ್ನು ಮೊದಲು ಹಿಡಿದಿಟ್ಟವರಿಗೇ ಜನವರಿಯಲ್ಲಿ ಒಪ್ಪಿಸಿ ನಮ್ಮವರು ಹೊರಟು ಬಂದರು. ಎರಡೂ ಕಡೆಯವರು ಆಕ್ಷೇಪ ಎತ್ತಿದರು. ಎರಡೂ ಕಡೆಯವರು ಬೈದರು ಅಂದರೆ ಇವರು ಯಾರಿಗೂ ವಾಲಲಿಲ್ಲ ಅಂತ ನಾನು ಓದಿಕೊಳ್ಳುತ್ತೇನೆ. ಆ ವರ್ಷ ಪದ್ಮಭೂಷಣ ಬಂತು.

ಕಾಲೇಜು ಹುಡುಗಿ

ಅಜ್ಜ, ಯಾವ ಕಡೆಗೂ ಹೋಗಲು ಒಪ್ಪದವರು ಏನಾದರು?

ಓದುವ ಅಜ್ಜ

ಕೆಲವರು ತಟಸ್ಥ ದೇಶಕ್ಕೆ ಹೋಗುತ್ತೇವೆ ಅಂದರು ಮಗಳೇ. ಅಂಥ 88 ಮಂದಿ ನಮ್ಮ ಪಡೆಯ ಜತೆಯಲ್ಲೇ ಭಾರತಕ್ಕೆ ಬಂದರು.

ಹುಬ್ಬಳ್ಳಿ ದುರ್ಗದಬೈಲ್

ಕೊರಿಯಾದ್ದು ಛಲೋ ಹೇಳಿದ್ರಿ ಅಜ್ಜಾ, ಇಷ್ಟ ವಿವರ ಎಲ್ಲೂ ಓದಿರಲಿಲ್ಲ. ಆದ್ರ ನನ್ನ ವಾದ ಬಿಡೂದಿಲ್ಲ. 1962ರ ಜುಲೈನ್ಯಾಗ, ಯುದ್ಧಕ್ಕ ಮೂರ ತಿಂಗಳ ಮೊದಲ, ಒಂದು ಮಾಸಪತ್ರಿಕೆಗೆ ತಿಮ್ಮಯ್ಯನವರು ಲೇಖನ ಬರದ್ರು. ಪಾಕಿಸ್ತಾನದ ಜೋಡಿ ಪೂರ್ಣ ಯುದ್ಧ ಯೋಚನಿ ಮಾಡಬಹುದು, ಚೀನಾದ ಜೋಡಿ ಭಾರತ ಒಬ್ಬನ ಬಯಲು ಯುದ್ಧ ಮಾಡೂದು ಸೈನಿಕನಾಗಿ ನನಗ ಊಹಿಸಲಿಕ್ಕೂ ಆಗೂದಿಲ್ಲ, ಅದನ್ನ ರಾಜಕಾರಣಿಗಳು, ರಾಯಭಾರಿಗಳು ನೋಡ್ಕೋಬೇಕು ಅನ್ನೂ ಅರ್ಥ. ಈ ಮಾತು ಕುರ್ಚಿ ಮ್ಯಾಲ ಕುಂತಾಗ ದೇಶಕ್ಕ ಕೇಳಿಸೂಹಂಗ ಹೇಳಿದ್ರ?

ಸ್ಯಾಪರ್ ಹವಾಲ್ದಾರ್ (ನಿವೃತ್ತ)

ಕುರ್ಚಿಯಲ್ಲಿದ್ದಾಗ ಹಾಗೆ ಬಹಿರಂಗವಾಗಿ ಹೇಳಿದರೆ ಶತ್ರುವಿಗೆ ಕೇಳಿಸುತ್ತದೆ ಸಾರ್. ನಮ್ಮ ಕೈಯಲ್ಲಿ ಆಗುವುದಿಲ್ಲ ಅಂತ ಸೇನಾ ಮುಖ್ಯಸ್ಥ ಪೇಪರಿನಲ್ಲಿ ಹೇಳಬಹುದೇ? ಹೇಳಬೇಕಾದ್ದು ಮಂತ್ರಿಗೆ, ಹೇಳಿದ್ದಾರೆ. ಓದುಗರು ಮೇಲೆ ಬರೆದಿದ್ದಾರಲ್ಲ.

ಚರಿತ್ರೆ ಓದುಗ

ಆ ಲೇಖನವೇ ನನ್ನ ಕಡೆಯ ಸಾಕ್ಷಿ. ಯಾವ ಯುದ್ಧ ಮಾಡಬಹುದು, ಯಾವುದು ಆಗದು ಅಂತ ತಿಳಿದ ಮನುಷ್ಯ ಅವರು. ಜೋಜಿಲಾದಲ್ಲಿ ಆಗುತ್ತದೆ ಅಂದವರೇ ಇಲ್ಲಿ ಆಗದು ಅಂದರು. ಎರಡಕ್ಕೂ ಒಂದೇ ಲೆಕ್ಕಾಚಾರ: ದಾರಿ ಇದೆಯೇ, ಸಾಮಾನು ತಲುಪುತ್ತದೆಯೇ, ಎದುರಿನವನ ಬಲ ಎಷ್ಟು. 1962ರ ಅಕ್ಟೋಬರಿನಲ್ಲಿ ಈ ಲೆಕ್ಕ ಕೇಳುವವರು ದಿಲ್ಲಿಯಲ್ಲಿ ಇರಲಿಲ್ಲ.

ಶಿರಸಿ ಅಡಿಕೆ

ಇಬ್ಬರೂ ಗಟ್ಟಿಯಾಗಿ ಮಾತಾಡಿದಿರಿ. ನನ್ನ ಮತ ಹವಾಲ್ದಾರ್ ಕಡೆಗೆ.

ಕಡಲತಡಿ ಕುಡ್ಲ

ನಂದು ಹುಬ್ಬಳ್ಳಿಗೆ. ಪಾರ್ಲಿಮೆಂಟಿನಲ್ಲಿ ಹಾಗೆ ಹೇಳಿಸಿಕೊಂಡ ಮೇಲಾದರೂ ಬಿಡಬೇಕಿತ್ತು.

ಟೊರಾಂಟೊದಿಂದ ಒಬ್ಬ

ತೀರಿಕೊಂಡದ್ದು ಸೈಪ್ರಸ್‌ನಲ್ಲಿ ಅಂತ ಓದಿದ್ದೆ. ಅಲ್ಲಿಗೆ ಯಾಕೆ ಹೋಗಿದ್ದರು?

ವಿರಾಜಪೇಟೆ ಅಕ್ಕ

ವಿಶ್ವಸಂಸ್ಥೆ ಕರೆದಿತ್ತು. 1964ರಲ್ಲಿ ಗ್ರೀಕರು ಮತ್ತು ತುರ್ಕರು ಅಲ್ಲಿ ಹೊಡೆದಾಡುತ್ತಿದ್ದಾಗ ಶಾಂತಿಪಡೆಯ ದಂಡನಾಯಕರಾಗಿ ಹೋದರು. ಅವರಿಗಿಂತ ಮುಂಚೆ ಆ ಜಾಗದಲ್ಲಿದ್ದವರೂ ಭಾರತದವರೇ, ಜನರಲ್ ಗ್ಯಾನಿ. 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ಕರ್ತವ್ಯದಲ್ಲಿದ್ದಾಗಲೇ ಹೋದರು, 59 ವರ್ಷ. ದೇಹವನ್ನು ಬೆಂಗಳೂರಿಗೆ ತಂದರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಿತು.

ಬೆಳಗಾವಿ ಕ್ಯಾಂಪ್

ಇಷ್ಟೆಲ್ಲ ಮಾಡಿದವರಿಗೆ ಫೀಲ್ಡ್ ಮಾರ್ಷಲ್ ಪದವಿ ಯಾಕಿಲ್ಲ? ಕೆಲವು ಪೋಸ್ಟರುಗಳಲ್ಲಿ ಹಾಗೇ ಹಾಕಿರುತ್ತಾರೆ.

ಮೂರ್ನಾಡಿನವ

ಪೋಸ್ಟರು ತಪ್ಪು. ನಮ್ಮ ಸೇನೆಯಲ್ಲಿ ಆ ಪದವಿ ಇಬ್ಬರಿಗೆ ಮಾತ್ರ: 1973ರಲ್ಲಿ ಮಾಣೆಕ್ ಷಾ, 1986ರಲ್ಲಿ ಕಾರ್ಯಪ್ಪ. ತಿಮ್ಮಯ್ಯ ನಾಲ್ಕು ನಕ್ಷತ್ರದ ಜನರಲ್ ಆಗಿಯೇ ನಿವೃತ್ತರಾದರು. 2017ರಲ್ಲಿ ಗೋಣಿಕೊಪ್ಪದ ಕಾವೇರಿ ಕಾಲೇಜಿನಲ್ಲಿ ಇಬ್ಬರ ಪ್ರತಿಮೆ ಅನಾವರಣಕ್ಕೆ ಬಂದಿದ್ದ ಜನರಲ್ ಬಿಪಿನ್ ರಾವತ್ ಕಾರ್ಯಪ್ಪನವರಿಗೆ ಭಾರತರತ್ನ ಸಿಗಬೇಕು ಅಂದಿದ್ದರು. ತಿಮ್ಮಯ್ಯನವರ ಹೆಸರನ್ನೂ ಅದರ ಜತೆ ಕೇಳುವವರಲ್ಲಿ ನಾನೂ ಒಬ್ಬ.

ಗಣಿತ ಮೇಷ್ಟ್ರು

ಮಡಿಕೇರಿಯಲ್ಲಿ ಅವರ ಮನೆ ಈಗ ಮ್ಯೂಸಿಯಂ ಆಗಿದೆ ಅಂತ ಕೇಳಿದೆ. ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆ ಕರೆದುಕೊಂಡು ಹೋದರೆ ಪ್ರಯೋಜನ ಇದೆಯೇ? ರಾಜಾಸೀಟ್, ಅಬ್ಬಿ ಜಲಪಾತ ನೋಡಿಕೊಂಡು ಬರುವುದೇ ರೂಢಿ.

ಮೂರ್ನಾಡಿನವ

ಖಂಡಿತ ಬನ್ನಿ. ಮನೆಯ ಹೆಸರು ಸನ್ನಿಸೈಡ್. ಬಹಳ ವರ್ಷ ಅದು ಆರ್‌ಟಿಒ ಕಚೇರಿಯಾಗಿತ್ತು, ಜನ ಲೈಸೆನ್ಸ್ ಮಾಡಿಸಲು ಸಾಲು ನಿಲ್ಲುತ್ತಿದ್ದ ಜಾಗ. ಊರಿನವರೂ ನಿವೃತ್ತ ಸೈನಿಕರೂ ಬಿಡದೆ ಕೇಳಿ ಕೇಳಿ ಕೊನೆಗೆ ಸ್ಮಾರಕ ಆಯಿತು. 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಅಂಗಳದಲ್ಲಿ ಹಳೆಯ ಯುದ್ಧಟ್ಯಾಂಕ್ ಇದೆ, ಯುದ್ಧ ಸ್ಮಾರಕ ಇದೆ. ಒಳಗೆ ಕೋಣೆ ಕೋಣೆಗೂ ಅವರ ಬಾಲ್ಯದಿಂದ ಸೈಪ್ರಸ್‌ವರೆಗಿನ ಕಥೆ. ಮಕ್ಕಳಿಗೆ ಅರ್ಧ ದಿನ ಬೇಕು, ಒಂದು ಗಂಟೆಗೆ ಓಡಿಸಬೇಡಿ.

ಸ್ಯಾಪರ್ ಹವಾಲ್ದಾರ್ (ನಿವೃತ್ತ)

ಮೇಷ್ಟ್ರೇ, ಹೋಗುವ ಮೊದಲು ಮಕ್ಕಳಿಗೆ ಕಾಶ್ಮೀರದ ನಕ್ಷೆ ಕೊಟ್ಟು ಶ್ರೀನಗರ, ಬಾಲ್ತಾಲ್, ಜೋಜಿಲಾ, ದ್ರಾಸ್, ಕಾರ್ಗಿಲ್, ಲೇಹ್ ಗುರುತು ಹಾಕಿಸಿ. ಎತ್ತರವನ್ನೂ ಬರೆಸಿ. ನೀವು ಗಣಿತದವರು, ಹದಿನಾಲ್ಕು ಟನ್ ಟ್ಯಾಂಕಿನ ತೂಕ, ಏರು, ಸೇತುವೆ ಎಲ್ಲ ಲೆಕ್ಕವಾಗಿ ಕೊಡಬಹುದು.

ಗಣಿತ ಮೇಷ್ಟ್ರು

ಹವಾಲ್ದಾರ್ ಸಾಹೇಬ್ರೇ, ಖಂಡಿತ ಮಾಡಿಸುತ್ತೇನೆ. ಟಿಪ್ಪಣಿಯಲ್ಲಿ ಕಂಗಾವ್, ಲೇಹ್ ಹಾರಾಟ, ಜೋಜಿಲಾ, ಕೊರಿಯಾ ಇವಕ್ಕೆ ಒಂದೊಂದು ಪುಟ ಇಡುತ್ತೇನೆ. ರಾಜೀನಾಮೆಗೂ ಒಂದು ಪುಟ, ಅದರಲ್ಲಿ ಹವಾಲ್ದಾರರ ವಾದ, ಹುಬ್ಬಳ್ಳಿಯವರ ವಾದ ಎರಡನ್ನೂ ಹಾಕಿ ಮಕ್ಕಳೇ ಚರ್ಚೆ ಮಾಡಲಿ.

ಹುಬ್ಬಳ್ಳಿ ದುರ್ಗದಬೈಲ್

ಹಾಕ್ರಿ. ಆದ್ರ ಸಪ್ಟೆಂಬರ್ 2ರ ಪಾರ್ಲಿಮೆಂಟಿನ ಮಾತು ಬಿಡಬ್ಯಾಡ್ರಿ, ಅದಿಲ್ಲಂದ್ರ ನನ್ನ ವಾದ ಅರ್ಧ ಆಗ್ತದ.

ಚರಿತ್ರೆ ಓದುಗ

ಹಾಗಾದರೆ ಥೋರಾಟ್ ವರದಿಯನ್ನೂ ಹಾಕಬೇಕು. ಅದಿಲ್ಲದೆ ನಮ್ಮ ಕಡೆ ಅರ್ಧ.